ಅತಿವಾಹಕದ ನೆರೆಹೊರೆ



ವಿದ್ಯುತ್ತು ಹರಿಯುವ ತಂತಿ ಬಿಸಿಯಾಗುತ್ತದೆ. ಹಳೆಯ ಬಲ್ಬಿನ ತಂತಿ ಕಾದು ಬೆಳಗುತ್ತದೆ, ಇಸ್ತ್ರಿಪೆಟ್ಟಿಗೆಯ ತಂತಿ ಕಾದು ಬಟ್ಟೆಯ ಸುಕ್ಕು ಬಿಡಿಸುತ್ತದೆ, ಕಂಬದಿಂದ ಕಂಬಕ್ಕೆ ಹೋಗುವ ತಂತಿ ಯಾರಿಗೂ ಪ್ರಯೋಜನವಿಲ್ಲದೆ ಗಾಳಿಯನ್ನು ಕಾಯಿಸುತ್ತದೆ. ಹೀಗೆ ಸುತ್ತಮುತ್ತ ಹಂಚಿಹೋದ ಶಕ್ತಿ ತಾನಾಗಿ ತಂತಿಗೆ ಮರಳುವುದಿಲ್ಲ. ಇದನ್ನೇ ಈ ಹೊತ್ತು ಶಕ್ತಿ ಸೋರಿಕೆ ಎಂದು ಕರೆಯೋಣ. ಅತಿವಾಹಕ, ಅಂದರೆ ಸೂಪರ್‌ಕಂಡಕ್ಟರ್, ಈ ಸೋರಿಕೆ ಇಲ್ಲದ ವಸ್ತು. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ವರೆಗೆ, ಎಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಅಂದಿನಿಂದ ಇಂದಿನವರೆಗೆ ಅತಿವಾಹಕ ಎಂದರೆ ಸೋರಿಕೆಯನ್ನು ಗೆದ್ದ ವಸ್ತು ಎಂದೇ ನಾವು ಪಾಠ ಹೇಳುತ್ತಾ ಬಂದಿದ್ದೇವೆ.

ಆದರೆ ಕೆಲವೇ ಪರಮಾಣುಗಳಷ್ಟು ದಪ್ಪದ ತೆಳು ಪದರಗಳಿಗೆ ಬಂದಾಗ ಈ ಪಾಠ ಸಾಲದು. ಅಲ್ಲಿ ಪದರದ ಹತ್ತಿರ ಶಕ್ತಿಯನ್ನು ಹೀರಿಕೊಳ್ಳುವ ಒಂದು ಸಾಧಾರಣ ಲೋಹವನ್ನು ಇಟ್ಟರೆ ಅತಿವಾಹಕತೆ ಕೆಡುವ ಬದಲು ಗಟ್ಟಿಯಾಗಬಹುದು. ಸೋರಿಕೆ ತೀರಾ ಕಡಿಮೆಯಾದರೆ ಅದೇ ಪದರ ಅವಾಹಕವಾಗಬಹುದು. ಇನ್ನೂ ಮುಂದೆ ಹೋಗಿ, ಅತಿವಾಹಕವೂ ಅಲ್ಲದ ಅವಾಹಕವೂ ಅಲ್ಲದ ಒಂದು ಮೂರನೆಯ ಸ್ಥಿತಿ ಇದೆಯೇ ಎಂಬ ವಾದ ಕಾಲು ಶತಮಾನ ಮೀರಿ ನಡೆಯುತ್ತಿದೆ. ಇಂದು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ವಿಷಯವನ್ನು.

ಮೊದಲು ಅತಿವಾಹಕದ ಒಳಗೆ ಏನಿದೆ ಎಂದು ನೋಡೋಣ. ಅಲ್ಲಿ ಎಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡು ಸಾಗುತ್ತವೆ. 1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ಇದನ್ನು ವಿವರಿಸಿದರು. ಜೋಡಿಯಾಗುವುದು ಅರ್ಧ ಕೆಲಸ ಅಷ್ಟೇ. ಕೋಟಿ ಕೋಟಿ ಜೋಡಿಗಳೆಲ್ಲ ಸೇರಿ ಒಂದೇ ಅಲೆಯಾಗಿ ನಡೆದುಕೊಳ್ಳಬೇಕು. ಅಲೆ ಎಂದಮೇಲೆ ಏರಿಳಿತ ಇದ್ದೇ ಇರುತ್ತದೆ. ಒಂದು ಜಾಗದಲ್ಲಿ ಆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನು ಭೌತವಿಜ್ಞಾನದಲ್ಲಿ ಫೇಸ್ ಎನ್ನುತ್ತೇವೆ. ವಸ್ತುವಿನ ಈ ತುದಿಯಿಂದ ಆ ತುದಿಯವರೆಗೆ ಫೇಸ್ ಹೊಂದಿಕೊಂಡಿದ್ದರೆ ಅದು ಅತಿವಾಹಕ. ಜೋಡಿಗಳು ಹಾಗೆಯೇ ಇದ್ದೂ ಫೇಸ್ ಚೆಲ್ಲಾಪಿಲ್ಲಿಯಾದರೆ ಅತಿವಾಹಕತೆ ಹೋಯಿತು.

ಈ ಫೇಸ್ ಕೇವಲ ಲೆಕ್ಕದ ಸಂಕೇತ ಎಂದು ಯಾರೂ ಭಾವಿಸಬಾರದು. ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಬ್ರಯಾನ್ ಜೋಸೆಫ್ಸನ್ 1962ರಲ್ಲಿ ಒಂದು ಸಂಬಂಧವನ್ನು ಕಂಡುಹಿಡಿದರು. ಎರಡು ಅತಿವಾಹಕಗಳ ನಡುವೆ ಒಂದು ತೆಳುವಾದ ಅವಾಹಕ ಪದರವನ್ನಿಟ್ಟು ಒಂದು ಮೈಕ್ರೊವೋಲ್ಟ್ ಒತ್ತಡ ಕೊಟ್ಟರೆ ಎರಡೂ ಕಡೆಯ ಫೇಸ್‌ಗಳ ವ್ಯತ್ಯಾಸ ಸೆಕೆಂಡಿಗೆ 48 ಕೋಟಿಗೂ ಹೆಚ್ಚು ಸುತ್ತು ತಿರುಗುತ್ತದೆ. ಇದನ್ನು ತಿರುಗಿಸಿಯೂ ಓದಬಹುದು: ಫೇಸ್ ಸುತ್ತು ಹಾಕುತ್ತಿದ್ದರೆ ಅಲ್ಲಿ ವೋಲ್ಟೇಜ್ ಇದೆ, ವೋಲ್ಟೇಜ್ ಇದ್ದು ವಿದ್ಯುತ್ತು ಹರಿಯುತ್ತಿದ್ದರೆ ಅಲ್ಲಿ ರೋಧ ಇದೆ. ಫೇಸ್ ನಿಂತಲ್ಲಿ ನಿಂತಿದ್ದರೆ ರೋಧ ಸೊನ್ನೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ದಯವಿಟ್ಟು ನೆನಪಿನಲ್ಲಿಡಿ.

ದಪ್ಪ ತುಂಡಿನಲ್ಲಿ ಫೇಸನ್ನು ಅಲುಗಾಡಿಸುವುದು ಕಷ್ಟ. ಸುತ್ತ, ಮೇಲೆ, ಕೆಳಗೆ ಎಲ್ಲ ಕಡೆಯ ಜೋಡಿಗಳೂ ಅದನ್ನು ಹಿಡಿದಿರುತ್ತವೆ. ಪದರ ತೆಳುವಾದಂತೆ ಆ ಹಿಡಿತ ಸಡಿಲವಾಗುತ್ತದೆ. ತೆಳು ಪದರದಲ್ಲಿ ಸಣ್ಣ ಸಣ್ಣ ಸುಳಿಗಳು ಹುಟ್ಟುತ್ತವೆ. ಒಂದು ಸುಳಿಯ ಸುತ್ತ ಒಂದು ಬಾರಿ ಬಂದರೆ ಫೇಸ್ ಪೂರ್ತಿ ಒಂದು ಸುತ್ತು ತಿರುಗಿರುತ್ತದೆ. ಬಿಸಿಯಿಂದ ಇಂಥ ಸುಳಿಗಳು ಬಿಡಿಬಿಡಿಯಾಗಿ ಹೇಗೆ ಅಲೆದಾಡತೊಡಗುತ್ತವೆ ಎಂಬುದನ್ನು ಸೋವಿಯತ್ ದೇಶದಲ್ಲಿ ಬೆರೆಜಿನ್‌ಸ್ಕಿಯೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೋಸ್ಟರ್‌ಲಿಟ್ಜ್ ಮತ್ತು ಥೌಲೆಸ್ ಅವರೂ 1970ರ ದಶಕದ ಮೊದಲ ವರ್ಷಗಳಲ್ಲಿ ತೋರಿಸಿದರು. ಬರ್ಮಿಂಗ್‌ಹ್ಯಾಮ್‌ನ ಇಬ್ಬರಿಗೆ 2016ರಲ್ಲಿ ನೊಬೆಲ್ ಬಂತು. ಬೆರೆಜಿನ್‌ಸ್ಕಿ 1980ರಲ್ಲಿಯೇ ತೀರಿಕೊಂಡಿದ್ದರು.

ಇದು ಬಿಸಿಯ ಮಾತಾಯಿತು. ಬಿಸಿಯನ್ನು ಪೂರ್ತಿಯಾಗಿ ತೆಗೆದುಬಿಟ್ಟರೂ ಕ್ವಾಂಟಮ್ ನಿಯಮ ಫೇಸನ್ನು ಸುಮ್ಮನೆ ಇರಗೊಡುವುದಿಲ್ಲ. ಒಂದು ಚಿಕ್ಕ ಜಾಗದಲ್ಲಿ ಎಷ್ಟು ಜೋಡಿಗಳಿವೆ ಎಂಬುದೂ ಅಲ್ಲಿನ ಫೇಸ್ ಏನು ಎಂಬುದೂ ಏಕಕಾಲದಲ್ಲಿ ಖಚಿತವಾಗಿರಲಾರವು. ಜೋಡಿಗಳು ಸಲೀಸಾಗಿ ಓಡಾಡಿ ಎಣಿಕೆ ಮಸುಕಾದಷ್ಟೂ ಫೇಸ್ ಖಚಿತ. ಜೋಡಿಗಳು ಇದ್ದಲ್ಲಿಯೇ ಸಿಕ್ಕಿಬಿದ್ದು ಎಣಿಕೆ ಖಚಿತವಾದಷ್ಟೂ ಫೇಸ್ ಮಸುಕು. ಮೊದಲನೆಯದು ಅತಿವಾಹಕ, ಎರಡನೆಯದು ಅವಾಹಕ. ಎರಡೂ ಕಡೆ ಇರುವುದು ಅವೇ ಜೋಡಿಗಳು. ನನ್ನ ಮಟ್ಟಿಗೆ ಘನವಸ್ತು ವಿಜ್ಞಾನದಲ್ಲಿ ಇದರಷ್ಟು ಬೆರಗು ಹುಟ್ಟಿಸುವ ವಿಷಯ ಇನ್ನೊಂದಿಲ್ಲ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದ ಪ್ರಯೋಗ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ್ದು. ಹ್ಯಾವಿಲೆಂಡ್, ಲಿಯು ಮತ್ತು ಗೋಲ್ಡ್‌ಮನ್ 1989ರಲ್ಲಿ ಅದನ್ನು ಪ್ರಕಟಿಸಿದರು. ಶೀತಲ ಪಾತ್ರೆಯ ಒಳಗೇ ಜರ್ಮೇನಿಯಂ ಲೇಪಿಸಿದ ನೆಲದ ಮೇಲೆ ಬಿಸ್ಮತ್ ಆವಿಯನ್ನು ಕೂರಿಸುವುದು, ರೋಧ ಅಳೆಯುವುದು, ಪಾತ್ರೆಯನ್ನು ತೆರೆಯದೆ ಅದೇ ಪದರದ ಮೇಲೆ ಇನ್ನಷ್ಟು ಬಿಸ್ಮತ್ ಕೂರಿಸುವುದು, ಮತ್ತೆ ಅಳೆಯುವುದು. ಅರ್ಧ ನ್ಯಾನೊಮೀಟರಿಗಿಂತ ತೆಳುವಾದ ಪದರದಿಂದ ಹಿಡಿದು ಏಳು ನ್ಯಾನೊಮೀಟರ್ ಮೀರಿದ ಪದರದವರೆಗೆ ಅವರು ಹೀಗೆ ಹತ್ತಿದರು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಎಲ್ಲ ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಬರೆದರೆ ಕಾಣುವುದು ಬೀಸಣಿಗೆಯಂತೆ ಹರಡಿದ ಎರಡು ಗುಂಪು. ತೆಳು ಪದರಗಳಲ್ಲಿ ತಣಿಸಿದಂತೆ ರೋಧ ಮೇಲೇರುತ್ತದೆ, ದಪ್ಪ ಪದರಗಳಲ್ಲಿ ಸೊನ್ನೆಗೆ ಬೀಳುತ್ತದೆ. ಎರಡೂ ಗುಂಪುಗಳನ್ನು ಬೇರ್ಪಡಿಸುವ ಗೆರೆ 6,450 ಓಮ್‌ನ ಹತ್ತಿರ ಇತ್ತು.

ಆ ಸಂಖ್ಯೆಯ ಹಿಂದೆ ಒಂದು ಸೊಗಸಾದ ತರ್ಕವಿದೆ. 1990ರಲ್ಲಿ ಮ್ಯಾಥ್ಯೂ ಫಿಶರ್ ಮತ್ತು ಸಂಗಡಿಗರು ಅದನ್ನು ಮುಂದಿಟ್ಟರು. ಅತಿವಾಹಕದಲ್ಲಿ ಜೋಡಿಗಳು ಹರಿಯುತ್ತವೆ, ಸುಳಿಗಳು ನಿಲ್ಲುತ್ತವೆ. ಅವಾಹಕದಲ್ಲಿ ಜೋಡಿಗಳು ನಿಲ್ಲುತ್ತವೆ, ಸುಳಿಗಳು ಹರಿಯುತ್ತವೆ. ಎರಡರ ಗಡಿಯಲ್ಲಿ ಒಂದು ಜೋಡಿ ಉದ್ದಕ್ಕೆ ಸಾಗುವಷ್ಟರಲ್ಲಿ ಒಂದು ಸುಳಿ ಅಡ್ಡ ದಾಟುತ್ತದೆ ಎಂದಿಟ್ಟುಕೊಳ್ಳಿ. ಸುಳಿ ದಾಟಿದಾಗ ಹುಟ್ಟುವ ವೋಲ್ಟೇಜನ್ನು ಜೋಡಿ ಸಾಗಿದಾಗ ಆಗುವ ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ಬರುವುದು ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ಆವೇಶದ ವರ್ಗದ ನಾಲ್ಕರಷ್ಟರಿಂದ ಭಾಗಿಸಿದ ಬೆಲೆ. ಅದು 6,453 ಓಮ್. ಬಿಸ್ಮತ್ತಿನ ಗುಣವಾಗಲಿ ಜರ್ಮೇನಿಯಂನ ಗುಣವಾಗಲಿ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಎಲ್ಲ ಪದರಗಳೂ ಇದೇ ಸಂಖ್ಯೆಗೆ ನಿಷ್ಠವಾಗಿಲ್ಲ ಎಂದು ಆಮೇಲಿನ ಅಳತೆಗಳು ತೋರಿಸಿದವು, ಆದರೂ ತರ್ಕದ ಬೆಲೆ ಕುಂದಿಲ್ಲ.

ಹೀಗೆ ಎರಡೇ ಮನೆ: ಅತಿವಾಹಕ ಇಲ್ಲವೇ ಅವಾಹಕ. ನಡುವೆ ಲೋಹಕ್ಕೆ ಜಾಗವೇ ಇರಲಿಲ್ಲ. ಅದಕ್ಕೆ ಇನ್ನೊಂದು ಬಲವಾದ ಕಾರಣವೂ ಇತ್ತು. 1979ರಲ್ಲಿ ಅಬ್ರಹಾಮ್ಸ್, ಆಂಡರ್ಸನ್, ಲಿಚಾರ್ಡೆಲೋ ಮತ್ತು ಟಿ. ವಿ. ರಾಮಕೃಷ್ಣನ್ ಬರೆದ ಪ್ರಬಂಧ, ದೋಷಗಳಿರುವ ಎರಡು ಆಯಾಮದ ವಸ್ತುವಿನಲ್ಲಿ ನಿರಪೇಕ್ಷ ಶೂನ್ಯದ, ಎಂದರೆ ಸೊನ್ನೆ ಕೆಲ್ವಿನ್‌ನ, ಹತ್ತಿರ ಎಲೆಕ್ಟ್ರಾನುಗಳು ಕೊನೆಗೆ ಸಿಕ್ಕಿಬೀಳಲೇಬೇಕು ಎಂದು ವಾದಿಸಿತ್ತು. ಎಲೆಕ್ಟ್ರಾನುಗಳ ನಡುವಿನ ಸೆಣಸಾಟವನ್ನು ಆ ಲೆಕ್ಕ ಬಿಟ್ಟಿತ್ತು, ನಿಜ. ಆದರೂ ಅದು ಇಡೀ ಕ್ಷೇತ್ರದ ದಿಕ್ಕನ್ನೇ ತಿರುಗಿಸಿತು. ರಾಮಕೃಷ್ಣನ್ ಅವರು ಮುಂದೆ ಬಹುಕಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ನಮ್ಮ ನಡುವೆ ಇದ್ದು ಪಾಠ ಹೇಳಿದ ವಿಜ್ಞಾನಿಯೊಬ್ಬರ ಹೆಸರು ಈ ವಿಷಯದ ಬುಡದಲ್ಲಿಯೇ ಇದೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಆದರೆ 1996ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಫ್ರಾನ್, ಯಜ್ದಾನಿ, ಕಪಿಟುಲ್ನಿಕ್ ಮತ್ತು ಬೀಸ್ಲಿ ಈ ಎರಡು ಮನೆಗಳ ಚಿತ್ರಕ್ಕೆ ಹೊಂದದ ಒಂದು ಗೆರೆಯನ್ನು ಪ್ರಕಟಿಸಿದರು. ಅವರ ಪದರ ಮಾಲಿಬ್ಡಿನಮ್ ಮತ್ತು ಜರ್ಮೇನಿಯಂ ಬೆರೆತದ್ದು, ಪರಮಾಣುಗಳ ಜೋಡಣೆಯಲ್ಲಿ ಯಾವ ಕ್ರಮವೂ ಇಲ್ಲದ್ದು. ಅದನ್ನು ಕಾಂತಕ್ಷೇತ್ರದಲ್ಲಿಟ್ಟು ತಣಿಸಿದರು. ಕಾಂತಕ್ಷೇತ್ರ ಇಂಥ ಪದರದೊಳಗೆ ಸುಳಿಗಳಾಗಿಯೇ ನುಗ್ಗುತ್ತದೆ. ತಣಿಸಿದಂತೆ ಸುಳಿಗಳು ಹೆಪ್ಪುಗಟ್ಟಿ ರೋಧ ಇಳಿಯತೊಡಗಿತು. ಸೊನ್ನೆಯವರೆಗೆ ಇಳಿಯಬೇಕಾಗಿದ್ದ ಆ ಗೆರೆ ಅರ್ಧದಾರಿಯಲ್ಲಿ ಮಟ್ಟಸವಾಗಿ ನಿಂತುಬಿಟ್ಟಿತು. ಇನ್ನೆಷ್ಟು ತಣಿಸಿದರೂ ರೋಧ ಅಷ್ಟೇ. ಬಿಸಿಯ ನೆರವಿಲ್ಲದೆ, ಅಡ್ಡಗೋಡೆಯನ್ನು ಹತ್ತದೆ ಅದರ ಮೂಲಕವೇ ಹಾಯುವ ಕ್ವಾಂಟಮ್ ವಿದ್ಯೆಯಿಂದ ಸುಳಿಗಳು ಚಲಿಸುತ್ತಿವೆ ಎಂದು ಅವರು ಅರ್ಥೈಸಿದರು. ಹೀಗೆ ಹಾಯುವುದನ್ನು ಟನಲಿಂಗ್ ಎನ್ನುತ್ತಾರೆ. ಅತಿವಾಹಕವಾಗಬೇಕಾಗಿದ್ದ ಪದರ ಒಂದು ವಿಚಿತ್ರ ಲೋಹವಾಗಿ ಉಳಿದಿತ್ತು.

ಸೋರಿಕೆ ಕಥೆಯೊಳಗೆ ಬರುವುದು ಇಲ್ಲಿ. ಸುಳಿ ಎಂದರೆ ಬರಿಯ ತಿರುಗಣಿಯಲ್ಲ, ಅದರ ನಡುವಿನ ತಿರುಳಿನಲ್ಲಿ ಅತಿವಾಹಕತೆ ಸತ್ತು ಜೋಡಿಯಿಲ್ಲದ ಸಾಮಾನ್ಯ ಎಲೆಕ್ಟ್ರಾನುಗಳಿರುತ್ತವೆ. ಸುಳಿ ಸರಿದಾಗ ಆ ಎಲೆಕ್ಟ್ರಾನುಗಳು ಶಕ್ತಿಯನ್ನು ನುಂಗುತ್ತವೆ. 1965ರಲ್ಲಿಯೇ ಬಾರ್ಡೀನ್ ಮತ್ತು ಸ್ಟೀಫನ್ ಈ ಲೆಕ್ಕ ಹಾಕಿದ್ದರು. ಜೋಡಿಗಳನ್ನೂ ಸುಳಿಗಳನ್ನೂ ಮಾತ್ರ ಎಣಿಸುವ ಫಿಶರ್ ಚಿತ್ರದಲ್ಲಿ ಈ ನುಂಗುವಿಕೆಗೆ ಜಾಗವಿರಲಿಲ್ಲ. 1999ರಲ್ಲಿ ನಾಡ್ಯಾ ಮೇಸನ್ ಮತ್ತು ಕಪಿಟುಲ್ನಿಕ್, ಪದರದ ದೋಷ ಮತ್ತು ಕಾಂತಕ್ಷೇತ್ರದ ಜೊತೆಗೆ ಸೋರಿಕೆಯ ಪ್ರಮಾಣವನ್ನೂ ಒಂದು ಸ್ವತಂತ್ರ ಅಕ್ಷವಾಗಿ ನಕ್ಷೆಗೆ ಸೇರಿಸಬೇಕು ಎಂದು ವಾದಿಸಿದರು.

ಸೋರಿಕೆಯನ್ನು ಕ್ವಾಂಟಮ್ ಲೆಕ್ಕಕ್ಕೆ ತರುವ ದಾರಿಯನ್ನು ಅದಕ್ಕೂ ಮೊದಲೇ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಆಂಟನಿ ಲೆಗೆಟ್ ಮತ್ತು ಅವರ ಬ್ರೆಜಿಲ್ ಶಿಷ್ಯ ಅಮೀರ್ ಕಾಲ್ಡೈರಾ 1981ರಲ್ಲಿ ತೆರೆದಿದ್ದರು. ಅವರ ವಿಚಾರವನ್ನು ಹೇಳಲು ನಮ್ಮ ಮನೆಗಳ ಅಳಗುಳಿಮಣೆಯನ್ನು ನೆನಪಿಸಿಕೊಳ್ಳಿ, ಕರಾವಳಿಯವರು ಚೆನ್ನೆಮಣೆ ಎನ್ನಿ. ಸಾಲಾಗಿ ಗುಳಿಗಳು. ಒಂದು ಗುಳಿಯಲ್ಲಿ ಒಂದು ಹುಣಸೆಬೀಜ. ಆ ಬೀಜವೇ ಫೇಸ್. ಒಂದು ಗುಳಿಯಿಂದ ಪಕ್ಕದ ಗುಳಿಗೆ ಹೋದರೆ ಫೇಸ್ ಒಂದು ಸುತ್ತು ಹಾಕಿತು ಎಂದರ್ಥ, ಹಾಗಾಗಿ ಅಷ್ಟು ವೋಲ್ಟೇಜ್ ಹುಟ್ಟಿತು, ಅತಿವಾಹಕತೆಗೆ ಅಷ್ಟು ಪೆಟ್ಟು ಬಿತ್ತು. ಯಾರೂ ಮುಟ್ಟದಿದ್ದರೂ ಕ್ವಾಂಟಮ್ ಬೀಜ ಗುಳಿಯ ಗೋಡೆಯ ಮೂಲಕ ಹಾಯಬಲ್ಲದು. ಈಗ ಗುಳಿಗಳಿಗೆ ಜೋನಿಬೆಲ್ಲ ಸುರಿಯಿರಿ. ಬೀಜ ಹೊರಳುವಾಗೆಲ್ಲ ಬೆಲ್ಲವನ್ನೂ ಸರಿಸಬೇಕು, ಶಕ್ತಿ ಕಳೆದುಕೊಳ್ಳಬೇಕು. ಕಾಲ್ಡೈರಾ ಮತ್ತು ಲೆಗೆಟ್ ತೋರಿಸಿದ್ದು, ಇಂಥ ಅಂಟಿನಲ್ಲಿ ಟನಲಿಂಗ್ ತೀವ್ರವಾಗಿ ತಗ್ಗುತ್ತದೆ ಎಂಬುದನ್ನು. 1983ರಲ್ಲಿ ಜರ್ಮನಿಯ ಆಲ್ಬರ್ಟ್ ಶ್ಮಿಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಂಟು ಒಂದು ಮಿತಿ ದಾಟಿದರೆ ನಿರಪೇಕ್ಷ ಶೂನ್ಯದಲ್ಲಿ ಬೀಜ ಪೂರ್ತಿಯಾಗಿ ನಿಂತೇಬಿಡುತ್ತದೆ. ಆ ಮಿತಿಯನ್ನು ರೋಧದ ಭಾಷೆಯಲ್ಲಿ ಹೇಳಿದರೆ ಮತ್ತೆ ಅದೇ 6,453 ಓಮ್: ಎರಡು ಅತಿವಾಹಕಗಳ ನಡುವೆ ತೆಳು ಅವಾಹಕವಿರುವ ಜೋಸೆಫ್ಸನ್ ಸಂಧಿಯ ಪಕ್ಕ ಅದಕ್ಕಿಂತ ಕಡಿಮೆ ಓಮ್‌ನ ರೋಧಕವನ್ನು ಜೋಡಿಸಿದರೆ ಸಂಧಿ ಅತಿವಾಹಕ, ಹೆಚ್ಚು ಓಮ್‌ನದ್ದನ್ನು ಜೋಡಿಸಿದರೆ ಅವಾಹಕ. 1986ರಲ್ಲಿ ಸುದೀಪ್ ಚಕ್ರವರ್ತಿ, ಕಿವೆಲ್ಸನ್ ಮತ್ತಿತರರು ಇದೇ ತರ್ಕವನ್ನು ಸಾವಿರಾರು ಸಂಧಿಗಳ ಹಾಸಿಗೆ, ಎಂದರೆ ಎರಡು ಆಯಾಮಕ್ಕೆ ವಿಸ್ತರಿಸಿದರು.

ಕಾಗದದ ಮೇಲೆ ಇದ್ದ ಈ ಮಾತನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1997ರ ಬರ್ಕ್‌ಲಿಯದು. ರಿಂಬರ್ಗ್, ಜಾನ್ ಕ್ಲಾರ್ಕ್ ಮತ್ತು ಸಂಗಡಿಗರು ಪುಟ್ಟ ಅಲ್ಯೂಮಿನಿಯಂ ಸಂಧಿಗಳ ಒಂದು ಚೌಕ ಹಾಸನ್ನು ಗ್ಯಾಲಿಯಂ ಆರ್ಸೆನೈಡ್ ಹರಳಿನ ಮೇಲೆ ಕಟ್ಟಿದರು. ಹರಳಿನೊಳಗೆ, ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ, ಎಲೆಕ್ಟ್ರಾನುಗಳ ಒಂದು ತೆಳು ಹಾಳೆ ಇತ್ತು. ಹಾಸಿಗೂ ಆ ಹಾಳೆಗೂ ತಂತಿಯ ಸಂಪರ್ಕವಿಲ್ಲ. ಹಾಸಿನಲ್ಲಿ ಫೇಸ್ ಮಿಸುಕಾಡಿದರೆ ಕೆಳಗಿನ ಹಾಳೆಯ ಎಲೆಕ್ಟ್ರಾನುಗಳು ವಿದ್ಯುತ್ ಸೆಳೆತದಿಂದ ಅಲುಗಾಡಿ ಶಕ್ತಿ ಹೀರುತ್ತವೆ. ಸೊಗಸು ಇರುವುದು ಮುಂದೆ. ಹರಳಿನ ಬೆನ್ನಿಗೆ ವೋಲ್ಟೇಜ್ ಕೊಟ್ಟು ಆ ಹಾಳೆಯ ರೋಧವನ್ನು ಬೇಕಾದಂತೆ ಬದಲಿಸಬಹುದು. ಮೇಲಿನ ಸಂಧಿಗಳನ್ನು ಮುಟ್ಟುವ ಹಾಗೇ ಇಲ್ಲ, ಅವು ಮೊದಲು ಇದ್ದಂತೆಯೇ ಇವೆ. ಬದಲಾಗುವುದು ನೆರೆಹೊರೆ ಮಾತ್ರ. ಕೆಳಗಿನ ಹಾಳೆಯ ರೋಧ ಹೆಚ್ಚಿ ಅದು ಶಕ್ತಿ ಹೀರುವುದು ಕಡಿಮೆಯಾದಂತೆ ಮೇಲಿನ ಹಾಸು ಅತಿವಾಹಕತೆಯಿಂದ ಅವಾಹಕತೆಗೆ ಜಾರಿತು. ಅದೇ ಸಂಧಿ, ಅದೇ ಶೈತ್ಯ. ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಒಂದು ವಸ್ತುವಿನ ಮೂಲ ಸ್ಥಿತಿಯೇ ನಿರ್ಧಾರವಾಯಿತು.

2002ರಲ್ಲಿ ಮೇಸನ್ ಮತ್ತು ಕಪಿಟುಲ್ನಿಕ್ ತಮ್ಮ ಮಾಲಿಬ್ಡಿನಮ್-ಜರ್ಮೇನಿಯಂ ಪದರದ ಸಮೀಪ ಒಂದು ಲೋಹದ ಹಾಳೆಯನ್ನು ಸಮಾನಾಂತರವಾಗಿಟ್ಟು ನೋಡಿದರು. ನಡುವೆ ಅವಾಹಕ ಪದರ ಇದ್ದುದರಿಂದ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ಹರಿಯುವಂತಿರಲಿಲ್ಲ. ಆದರೂ ಪದರ ಅವಾಹಕವಾಗುವ ಬಗೆಯೇ ಬದಲಾಯಿತು. ಲೋಹದ ಹಾಳೆಯಿಂದ ಸೋರಿಕೆ ಒಳಬರುತ್ತಿದೆ, ಅದೇ ಸ್ಥಿತಿಯನ್ನು ಬದಲಿಸುತ್ತಿದೆ ಎಂದು ಅವರು ಆ ಅಳತೆಗಳನ್ನು ಓದಿದರು.

ಇಲ್ಲಿ ಒಂದು ಸಹಜ ಸಂದೇಹ ಏಳಬೇಕು. ಕ್ವಾಂಟಮ್ ಕಂಪ್ಯೂಟರ್ ಕಟ್ಟುವವರು ಸೋರಿಕೆಯೇ ತಮ್ಮ ಪರಮ ವೈರಿ ಎನ್ನುತ್ತಾರಲ್ಲ, ಅದೂ ಇಂಥದೇ ಜೋಸೆಫ್ಸನ್ ಸಂಧಿಗಳಲ್ಲಿ? ಇಬ್ಬರ ಮಾತೂ ನಿಜ. ನೆರೆಹೊರೆ ಶಕ್ತಿ ಹೀರುವಾಗ ಫೇಸ್ ಎಲ್ಲಿದೆ ಎಂಬ ಸುದ್ದಿಯನ್ನೂ ಹೀರುತ್ತದೆ. ಹೀಗೆ ಸದಾ ಗಮನಿಸಲ್ಪಡುವ ಫೇಸ್ ಒಂದೇ ಬೆಲೆಗೆ ಕಟ್ಟುಬೀಳುತ್ತದೆ. ರೋಧವಿಲ್ಲದ ಹರಿವು ಬೇಕಾದವರಿಗೆ ಫೇಸ್ ಕಟ್ಟುಬೀಳುವುದು ಲಾಭ. ಏಕಕಾಲಕ್ಕೆ ಎರಡು ಸ್ಥಿತಿಗಳ ಬೆರಕೆಯಲ್ಲಿ ಇರಬೇಕಾದ ಕ್ಯೂಬಿಟ್‌ಗೆ, ಎಂದರೆ ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕಕ್ಕೆ, ಅದೇ ಸಾವು. ಹಾಗಾಗಿ ಸೋರಿಕೆ ಕ್ವಾಂಟಮ್ ಸ್ಥಿತಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕ್ವಾಂಟಮ್ ಸ್ಥಿತಿಗೆ ಎಂದು ಕೇಳಬೇಕು.

ಇನ್ನೊಂದು ಭೇದವನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಈ ಕ್ಷೇತ್ರದ ಅರ್ಧ ಜಗಳ ಅದರದ್ದೇ. ಶಕ್ತಿಯನ್ನು ಹೀರಬಲ್ಲ ವಸ್ತು ಶಕ್ತಿಯನ್ನು ಹೊರಗೂ ತೂರುತ್ತದೆ. ಒಂದು ರೋಧಕದ ತಾಪ ಹೆಚ್ಚಿದಷ್ಟೂ ಅದರಿಂದ ಹೊರಡುವ ವಿದ್ಯುತ್ ಗದ್ದಲ ಹೆಚ್ಚು. ಪದರದ ಪಕ್ಕದಲ್ಲಿರುವ ಲೋಹ ಪದರದಷ್ಟೇ ತಣ್ಣಗಿದ್ದರೆ ಅದರ ಗದ್ದಲ ಪದರವನ್ನು ಇನ್ನಷ್ಟು ಬಿಸಿಮಾಡಲಾರದು. ಫೇಸ್ ಶಾಂತವಾಗುತ್ತದೆ. ಆದರೆ ಪ್ರಯೋಗದಲ್ಲಿ ಪದರಕ್ಕೆ ಅಳತೆಯ ತಂತಿಗಳನ್ನೂ ಜೋಡಿಸಿರುತ್ತೇವೆ. ಆ ತಂತಿಗಳ ಇನ್ನೊಂದು ತುದಿ ಕೋಣೆಯಲ್ಲಿ, 300 ಕೆಲ್ವಿನ್‌ನಲ್ಲಿ ಇರುವ ಉಪಕರಣಕ್ಕೆ ಹೋಗುತ್ತದೆ. ಪದರ ಇರುವುದು 0.05 ಕೆಲ್ವಿನ್‌ನಲ್ಲಿ. ಆರು ಸಾವಿರ ಪಟ್ಟು ಬಿಸಿಯಾದ ನೆರೆಯವನು ತಂತಿಯ ಮೂಲಕ ಬಂದು ಬಾಗಿಲು ಬಡಿಯುತ್ತಿರುತ್ತಾನೆ. ಅದೇ ತಂತಿಗಳು ಆಂಟೆನಾಗಳೂ ಹೌದು. ನನ್ನ ಈ ಮಾತನ್ನು ನಿಮ್ಮ ಮನೆಗೆ ಹೊತ್ತು ತರುವಂಥ ರೇಡಿಯೋ ಅಲೆಗಳು, ಮೊಬೈಲ್ ಗೋಪುರದ ಅಲೆಗಳು, ಎಲ್ಲವೂ ಅವುಗಳ ಮೂಲಕ ಶೀತಲ ಪಾತ್ರೆಯ ಒಳಗೆ ಇಳಿಯಬಲ್ಲವು.

ಆ ಶೈತ್ಯದಲ್ಲಿ ಇನ್ನೊಂದು ತೊಡಕಿದೆ. ಎಲೆಕ್ಟ್ರಾನುಗಳು ತಮ್ಮ ಬಿಸಿಯನ್ನು ಹರಳಿಗೆ ದಾಟಿಸುವ ಸಾಮರ್ಥ್ಯ ಸಾಮಾನ್ಯ ಲೋಹದ ಪದರಗಳಲ್ಲಿ ತಾಪದ ಐದನೆಯ ಘಾತದಷ್ಟು ವೇಗವಾಗಿ ಕುಸಿಯುತ್ತದೆ. ತಾಪ ಅರ್ಧವಾದರೆ ಈ ಸಾಮರ್ಥ್ಯ 32ರಲ್ಲಿ ಒಂದು ಪಾಲಾಗುತ್ತದೆ. ಹೊರಗಿನಿಂದ ಬಂದ ಅತ್ಯಲ್ಪ ಶಕ್ತಿಯೂ ಎಲೆಕ್ಟ್ರಾನುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತಾಪಮಾಪಕ 0.05 ಎಂದು ತೋರಿಸುತ್ತಿರುತ್ತದೆ, ಎಲೆಕ್ಟ್ರಾನುಗಳು ಅದಕ್ಕಿಂತ ಬಹಳ ಬಿಸಿಯಾಗಿಯೇ ಉಳಿದಿರುತ್ತವೆ. ಆಗ ತಣಿಸಿದರೂ ಬದಲಾಗದ ರೋಧ, ಮಟ್ಟಸವಾದ ಗೆರೆ, ತಾನಾಗಿ ಬಂದುಬಿಡುತ್ತದೆ. ಸ್ಟ್ಯಾನ್‌ಫರ್ಡ್‌ನ ಗೆರೆಯೂ ಇಂಥದ್ದೇ ಇರಬಹುದೇ?

2019ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡಾನ್ ಶಹರ್ ಗುಂಪು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಇಂಡಿಯಂ ಆಕ್ಸೈಡ್ ಪದರ ಒಂದು, ನಯೋಬಿಯಂ ಡೈಸೆಲೆನೈಡ್ ಹರಳಿನಿಂದ ಸುಲಿದ ತೆಳು ಹಾಳೆ ಇನ್ನೊಂದು. ಎರಡರಲ್ಲೂ ರೋಧದ ಗೆರೆ ಮಟ್ಟಸವಾಗುತ್ತಿತ್ತು. ತಂತಿಗಳಿಗೆ ಸರಿಯಾದ ಫಿಲ್ಟರ್ ಹಾಕಿ ಹೊರಗಿನ ಅಲೆಗಳನ್ನು ತಡೆದಾಗ ಆ ಮಟ್ಟಸ ಭಾಗ ಮಾಯವಾಯಿತು. ಅದೇ ವರ್ಷ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರತಾಪ್ ರಾಯ್‌ಚೌಧುರಿ ಅವರ ಗುಂಪು ಮಾಲಿಬ್ಡಿನಮ್-ಜರ್ಮೇನಿಯಂ ಪದರದ ಸುಳಿಗಳು ರೇಡಿಯೋ ಅಲೆಗಳ ಸೋಂಕಿಗೆ ಎಷ್ಟು ಅತಿಯಾಗಿ ಸ್ಪಂದಿಸುತ್ತವೆ ಎಂಬುದನ್ನು ದಾಖಲಿಸಿತು. ಅದೇ ವರ್ಷವೇ ಕಪಿಟುಲ್ನಿಕ್, ಕಿವೆಲ್ಸನ್ ಮತ್ತು ಸ್ಪೀವಾಕ್ ಒಂದು ದೀರ್ಘ ಸಮೀಕ್ಷೆ ಬರೆದು, ಹಲವು ಬಗೆಯ ಪದರಗಳಲ್ಲಿ ಕಂಡ ಈ ವಿಚಿತ್ರ ಲೋಹ ನಿಜವಾದದ್ದೇ, ಬಿಸಿಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು ಎಂದು ವಾದಿಸಿದರು. ಒಂಟಿ ಸಂಧಿಯ ವಿಷಯದಲ್ಲೂ ಶಾಂತಿಯಿಲ್ಲ. ಹೆಲ್ಸಿಂಕಿಯ ಪ್ರಯೋಗಶಾಲೆ 1999ರಲ್ಲಿ ಶ್ಮಿಡ್ ಹೇಳಿದ ಬದಲಾವಣೆಯನ್ನು ಕಂಡೆವೆಂದಿತು, ಫ್ರಾನ್ಸಿನ ಸಾಕ್ಲೇಯ ಗುಂಪು 2020ರಲ್ಲಿ ಅಂಥ ಬದಲಾವಣೆ ಇಲ್ಲವೇ ಇಲ್ಲ ಎಂದಿತು.

ನನ್ನ ತೀರ್ಪು ಕೇಳಿದರೆ ಹೀಗೆ ಹೇಳುತ್ತೇನೆ. ಸೋರಿಕೆ ಫೇಸನ್ನು ಕಟ್ಟಿಹಾಕಬಲ್ಲದು ಎಂಬುದಕ್ಕೆ ಬರ್ಕ್‌ಲಿಯ ಹಾಸಿನಂಥ ಪ್ರಯೋಗಗಳು ಬಲವಾದ ಸಾಕ್ಷ್ಯ, ಏಕೆಂದರೆ ಅಲ್ಲಿ ಬದಲಿಸಿದ್ದು ನೆರೆಹೊರೆಯೊಂದನ್ನೇ, ಅದೂ ತಣ್ಣನೆಯ ನೆರೆಹೊರೆ. ಆದರೆ ನಿರಪೇಕ್ಷ ಶೂನ್ಯದವರೆಗೂ ಉಳಿಯುವ ಮೂರನೆಯ ಸ್ಥಿತಿ ಇದೆ ಎಂಬ ಮಾತನ್ನು, ಫಿಲ್ಟರ್ ಇಲ್ಲದೆ ಅಳೆದ ಗೆರೆಗಳ ಬಲದ ಮೇಲೆ ಒಪ್ಪಲಾಗದು. ಹೊರಗಿನ ಅಲೆಗಳನ್ನು ತಡೆದು, ಎಲೆಕ್ಟ್ರಾನುಗಳ ತಾಪವನ್ನೇ ಬೇರೆಯಾಗಿ ಅಳೆದು, ಆಮೇಲೂ ಗೆರೆ ಮಟ್ಟಸವಾಗಿ ನಿಂತರೆ ಆಗ ಅದು ನಿಸರ್ಗದ ಮಾತು.

ಇಂಥ ಎಚ್ಚರಿಕೆಯಿಂದ ಏನು ಸಾಧ್ಯ ಎಂಬುದಕ್ಕೆ ಉದಾಹರಣೆ ಇದೆ. 1984 ಮತ್ತು 1985ರಲ್ಲಿ ಅದೇ ಬರ್ಕ್‌ಲಿಯಲ್ಲಿ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್, ಕೈಯಲ್ಲಿ ಹಿಡಿಯಬಹುದಾದ ಒಂದು ಸರ್ಕೀಟಿನ ಫೇಸ್ ಟನಲಿಂಗ್ ಮಾಡುತ್ತದೆ ಎಂದು ತೋರಿಸಿದರು. ಕಾಲ್ಡೈರಾ ಮತ್ತು ಲೆಗೆಟ್ ಲೆಕ್ಕ ಹಾಕಿದ್ದ ಸಂಗತಿಯೇ ಅದು. ಸಂಧಿಯ ಪಕ್ಕ ಎಷ್ಟು ಸೋರಿಕೆ ಇದೆ ಎಂಬುದನ್ನು ಅವರು ಊಹಿಸಲಿಲ್ಲ, ಅದೇ ಸಂಧಿಯಲ್ಲಿ ಅಳೆದರು. ಗದ್ದಲ ತಡೆಯಲು ತಾಮ್ರದ ಪುಡಿ ತುಂಬಿದ ಫಿಲ್ಟರುಗಳನ್ನು ಬಳಸಿದರು. ಪುಡಿಯ ಒಂದೊಂದು ಕಣದ ಮೈಮೇಲೂ ಹರಿಯುವ ಮೈಕ್ರೊವೇವ್ ಅಲೆ ಅಲ್ಲಿಯೇ ಶಕ್ತಿ ಕಳೆದುಕೊಂಡು ಸಾಯುತ್ತದೆ. ಹೊರಗಿನ ಬಿಸಿ ಗದ್ದಲವನ್ನು ಒಂದು ತಣ್ಣನೆಯ ಸೋರಿಕೆಯಿಂದ ಅಡಗಿಸಿದರು ಎಂದರ್ಥ. ಆ ಕೆಲಸಕ್ಕೆ 2025ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿದೆ.

ನಮ್ಮ ದೇಶವೂ ಈ ದಾರಿಯಲ್ಲಿದೆ. 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಸುಮಾರು 6,000 ಕೋಟಿ ರೂಪಾಯಿ ಮೀಸಲಾಗಿದೆ, ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಈ ಕೆಲಸಕ್ಕೆ ಸಿದ್ಧಾಂತ ಬಲ್ಲವರು ಎಷ್ಟು ಬೇಕೋ ತಂತಿ, ಬೆಸುಗೆ, ಫಿಲ್ಟರ್, ಭೂಸಂಪರ್ಕ ಬಲ್ಲ ಕೈಗಳೂ ಅಷ್ಟೇ ಬೇಕು. ಕಾಲೇಜುಗಳಲ್ಲಿ ಭೌತವಿಜ್ಞಾನ ಕಲಿಸುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಪ್ರಯೋಗಶಾಲೆಯಲ್ಲಿ ಒಂದು ರೋಧಕ, ಒಂದು ಆಂಪ್ಲಿಫೈಯರ್, ಒಂದು ಆಸಿಲೋಸ್ಕೋಪ್ ಇದ್ದರೆ ಸಾಕು, ತಾಪ ಏರಿದಂತೆ ರೋಧಕದ ಗದ್ದಲ ಹೇಗೆ ಏರುತ್ತದೆ ಎಂಬುದನ್ನು ವಿದ್ಯಾರ್ಥಿಗಳ ಕೈಯಿಂದಲೇ ಅಳೆಸಿ. ಪಠ್ಯದಲ್ಲಿ ಇಲ್ಲದಿದ್ದರೂ ಅಳೆಸಿ.